ಶೈಲಾಳ ಸೈಕಲ್ಲಿಗೆ ನಾನು ಮಾಡಿದ ಪೂಜೆ

೮ ಜನವರಿ, ಬುಧವಾರ. ಬಬಲೇಶ್ವರ

ಚಹಾ ಎರಡು ಸಲ ಆಯಿತು. ಬಸ್ ಸ್ಟ್ಯಾಂಡ್ ಕಟ್ಟೆಯಲ್ಲಿ ಇವತ್ತೂ ಅದೇ ಮಾತು — ನಮ್ಮ ಶೈಲಾಳ ಸೈಕಲ್ ವಿಮಾನ ಹತ್ತುತ್ತದೆ. ಅಣ್ಣನ ಮಗಳು. ವಿಜಯಪುರದಲ್ಲಿ ಪಿ.ಟಿ. ಟೀಚರ್. ಗೆಳತಿ ಜುಲೇಖಾಳ ಜೊತೆ ಹೈದರಾಬಾದಿನಿಂದ ಕೊಚ್ಚಿಗೆ ವಿಮಾನ, ಅಲ್ಲಿಂದ ಮುನ್ನಾರ್ ಘಾಟಿನಲ್ಲಿ ಐದು ದಿನ ಸೈಕಲ್.

“ಅದನ್ನ ಪ್ಯಾಕ್ ಮಾಡಾವ್ರು ಯಾರೋ ಸಂಗು?” ಎಂದರು.

“ನಾನ. ಟಿಕೋಟಾದಾಗ ಮೂವತ್ತು ಬಾಡಗಿ ಸೈಕಲ್ ಸಾಕಿದ ಮನಷ್ಯಾ ಅದೇನಿ!”

ಇದ್ದದ್ದು ಹನ್ನೊಂದು. ಯಾರು ಎಣಿಸಿದ್ದಾರೆ... ವಿಮಾನವನ್ನೂ ಎರಡು ಸಲ ಹತ್ತಿಳಿದಿದ್ದೇನೆ ಅಂತ ಸೇರಿಸಿದೆ. ಎಲ್ಲರೂ ನಂಬಿದರು.

೧೦ ಜನವರಿ, ಸಂಜೆ ೫. ವಿಜಯಪುರ, ಶೈಲಾಳ ತಾಯಿ ಮುರಿಗೆವ್ವ ವೈನಿಯ ಮನೆ

ಸ್ಟೇಷನ್ ರಸ್ತೆಯ ಉಮರನ ಅಂಗಡಿಯಿಂದ ಸೈಕಲ್ ತಂದೆವು. ಬ್ರೇಕಿಗೆ ಹೊಸ ಪ್ಯಾಡ್ ಹಾಕಿದ್ದಾನೆ.

“ಮೊದಲ ಎರಡ್ ದಿನಾ ಚೀರತೈತಿ, ಆಮ್ಯಾಲ ಸುಮ್ಮನಾಗತೈತಿ. ರಟ್ಟಿನ ಡಬ್ಬಿಯೊಳಗ ನಾನ ಕಟ್ಟಿ ಕೊಡ್ಲೇನ್ರಿ ಕಾಕಾ?”

“ನೀ ಹುಟ್ಟೂಕಿಂತ ಮೊದಲ ಸೈಕಲ್ ಬಿಚ್ಚೇನಿ ಲೇ!”

ನಕ್ಕು ಸೈಕಲ್ ಕೈಗಿತ್ತ.

ಪೆಡಲ್ ಬಿಚ್ಚಿದೆ. ಹ್ಯಾಂಡಲ್ ತಿರುವಿದೆ. ಗಾಲಿಯ ಗಾಳಿ ಇಳಿಸಿದೆ. ಎಲ್ಲ ಜುಲೇಖಾ ಮೊಬೈಲ್ ನೋಡಿ ಹೇಳಿದಂತೆ. ಸಂದಿಗಳಲ್ಲಿ ಹಳೆಯ ದುಪ್ಪಟಿ ತುರುಕಿದೆ, ದುಪ್ಪಟಿಯೊಳಗೆ ಗುಟ್ಟಾಗಿ ಎರಡು ಕಿಲೋ ಒಣದ್ರಾಕ್ಷಿ.

“ಪೂಜಿ-ಗೀಜಿ ಬ್ಯಾಡ ನೋಡ್ ಕಾಕಾ. ಬ್ರೇಕ್ ಅಂತೂ ಮುಟ್ಟಬ್ಯಾಡ” ಎಂದು ಶೈಲಾ ಜಳಕಕ್ಕೆ ಹೋದಳು.

ಪೂಜೆ ಬಿಡುವುದು ಹೇಗೆ? ಟಿಕೋಟಾದಲ್ಲಿ ಅಮಾವಾಸ್ಯೆಗೊಮ್ಮೆ ಪ್ರತಿ ಸೈಕಲ್ಲಿಗೂ ಎಣ್ಣೆ, ಕುಂಕುಮ. ಒಂದಾದರೂ ಯಾರನ್ನಾದರೂ ಕೆಡವಿತ್ತೇ? ಅಡುಗೆಮನೆಯಿಂದ ಕುಸುಬಿ ಎಣ್ಣೆ ತಂದೆ. ಗಾಲಿಯ ನಡುವೆ ತೂತುತೂತಿನ ಉಕ್ಕಿನ ಬಿಲ್ಲೆ, ಬೆಳ್ಳಿಯಂಥದು. ಎರಡೂ ಗಾಲಿಗೆ ಅಲ್ಲೇ ಹಚ್ಚಿದೆ. ಬೊಟ್ಟಿಟ್ಟು ಕೈಮುಗಿದೆ. ಅವಳಿಗೆ ತಿಳಿಯಬಾರದೆಂದು ಧೋತರದ ತುದಿಯಿಂದ ಒರೆಸಿಬಿಟ್ಟೆ. ಲಕಲಕ ಹೊಳೆಯಿತು. ಬ್ರೇಕ್ ಮುಟ್ಟಲಿಲ್ಲ. ಬ್ರೇಕಿನ ರಬ್ಬರು ಎಲ್ಲೂ ಕಾಣಲೇ ಇಲ್ಲ — ಹೊಸ ಮಾದರಿ, ಒಳಗೆಲ್ಲೋ ಇರಬೇಕು.

“ಚಲೋ ಕಟ್ಟೀದಿ ಕಾಕಾ” ಎಂದಳು ಶೈಲಾ, ಜಳಕ ಮುಗಿಸಿ ಬಂದು.

೧೨ ಜನವರಿ. ಹೈದರಾಬಾದ್

ಏರ್‌ಪೋರ್ಟಿನ ಬಾಗಿಲಲ್ಲೇ ನನ್ನನ್ನು ತಡೆದರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಂತೆ!

“ಎರಡ್ ಸಲಾ ಹತ್ತೇನಿ ಅಂತಿದ್ರಲ್ರಿ ಕಾಕಾ,” ಎಂದಳು ಜುಲೇಖಾ, “ಆವಾಗ ಬಾಗಲಾ ಇರ್ಲಿಲ್ಲೇನ್ರಿ?”

ಗಾಜಿನಾಚೆ ಡಬ್ಬಿ ತೂಗಿದರು. ಹೆಚ್ಚಾಯಿತು. ಶೈಲಾ ದ್ರಾಕ್ಷಿಯ ಗಂಟು ತೆಗೆದು ನನ್ನತ್ತ ಎತ್ತಿ ತೋರಿಸಿದಳು. ಬೈಯುತ್ತಿದ್ದಳೋ ನಗುತ್ತಿದ್ದಳೋ... ನಾನು ಕೈ ಬೀಸಿದೆ.

೧೬ ಜನವರಿ

ಜುಲೇಖಾಳ ಫೋನ್. ಘಾಟಿನ ಇಳಿಜಾರು. ಬ್ರೇಕ್ ಹಿಡಿಯಲಿಲ್ಲ. ಎದುರಿನ ಲಾರಿ ತಪ್ಪಿಸಲು ಶೈಲಾ ತಾನಾಗಿಯೇ ಬದಿಯ ದಿಬ್ಬಕ್ಕೆ ಗುದ್ದಿದಳು. ಬಲ ಹೆಗಲ ಎಲುಬು ಮುರಿದಿದೆ. ಜೀವಕ್ಕೆ ಭಯವಿಲ್ಲ.

“ಮೊದಲನೇ ದಿನದಿಂದನ ಚೀರ್ತಿತ್ರಿ ಕಾಕಾ. ಉಮರ ಹೇಳಿದ್ನಲ್ಲಾ ಚೀರತೈತಿ ಅಂತ, ಅದಕ್ಕ ಸುಮ್ಮನಿದ್ವಿ.”

ಅಲ್ಲಿಯ ಮೆಕ್ಯಾನಿಕ್ ನೋಡಿದನಂತೆ. ಆ ಬಿಲ್ಲೆಯನ್ನು ಹಿಡಿದೇ ಬ್ರೇಕ್ ಗಾಲಿ ನಿಲ್ಲಿಸುವುದಂತೆ. ಬಿಲ್ಲೆಗೆ ಎಣ್ಣೆ ತಾಗಿದೆಯಂತೆ.

ಟ್ರಂಕಿನಿಂದ ಧೋತರ ತೆಗೆದು ನೋಡಿದೆ. ತುದಿ ಇನ್ನೂ ಕೆಂಪು.

೨೧ ಜನವರಿ. ವಿಜಯಪುರ

ಶೈಲಾ ಬಂದಳು. ತೋಳು ಕೊರಳಿಗೆ ಕಟ್ಟಿದೆ. ಸೈಕಲ್ಲೂ ಅದೇ ಡಬ್ಬಿಯಲ್ಲಿ ವಿಮಾನದಲ್ಲೇ ಬಂತು.

“ಆ ಉಮರನ ಕೈ ಬಿದ್ದು ಹೋಗ್ಲಿ!” ಎಂದಳು ಮುರಿಗೆವ್ವ ವೈನಿ. “ಎಣ್ಣಿ ಕೈಲೆ ಬ್ರೇಕ್ ಮುಟ್ಟ್ಯಾನ!”

ಶೈಲಾ ತನ್ನ ಸೈಕಲ್ ಗುಂಪಿಗೆಲ್ಲ ವಾಟ್ಸಾಪ್ ಹಾಕಿದ್ದಾಳೆ — ಉಮರನ ಅಂಗಡಿಗೆ ಹೋಗಬೇಡಿ.

ನಾನು “ಈಗಿನ ಹುಡುಗರಿಗೆ ಕೆಲಸದ ಮ್ಯಾಲ ಲಕ್ಷ್ಯಾನ ಇಲ್ಲ” ಎಂದೆ.

ಯಾರೂ ಕೇಳಿರಲಿಲ್ಲ. ನಾನಾಗಿಯೇ ಅಂದೆ.

೨೫ ಜನವರಿ. ಟಿಕೋಟಾ

ನನ್ನ ಹಳೆಯ ಸೈಕಲ್ ಅಂಗಡಿಯ ಕಟ್ಟೆಗೆ ಹೋಗಿ ಕುಳಿತೆ. “ವಿಮಾನದ್ದು ಕಥಿ ಹೇಳೋ ಸಂಗು” ಎಂದರು. ಎದ್ದು ಬಂದೆ.

೩ ಫೆಬ್ರುವರಿ, ಸೋಮವಾರ

ಸೈಕಲ್ ಒಯ್ದು ಉಮರನ ಮುಖಕ್ಕೆ ಒಗೆದು ಬಾ ಎಂದು ವೈನಿ ಕಳಿಸಿದಳು. ಹೋದೆ. ಯಾವಾಗಲೂ ಹತ್ತು ಸೈಕಲ್ ಸಾಲಾಗಿರುತ್ತಿದ್ದ ಕಡೆ ಇವತ್ತು ಒಂದೇ. ಅದೂ ಅವನದೇ.

ಉಮರ ಗಾಲಿ ಬಿಚ್ಚಿದ. ಪ್ಯಾಡ್ ಮೂಸಿ ನೋಡಿದ. ಬಿಲ್ಲೆಯ ಸ್ಕ್ರೂ ತಗ್ಗಿನಲ್ಲಿ ಉಗುರು ಹಾಕಿ ಕೆರೆದ. ಉಗುರು ಕೆಂಪಾಯಿತು. ಉಗುರನ್ನು ನನ್ನ ಮುಂದೆ ಹಿಡಿದ.

“ಕಾಕಾ, ನಮ್ಮ ಅಂಗಡ್ಯಾಗ ಕುಸುಬಿ ಎಣ್ಣಿ ಇರೂದಿಲ್ರಿ. ಕುಂಕುಮಾನೂ ಇರೂದಿಲ್ಲ.”

“ಹಂಗಾರ ಫೋನ್ ಮಾಡಿ ಅಕಿಗೆ ಹೇಳಿಬಿಡೋ” ಎಂದೆ. ನಾಚಿಕೆಗೇಡಿ ನಾನು. ಅದನ್ನೂ ಅವನ ಮೇಲೇ ಹೊರಿಸಿದೆ.

“ನಾ ಹೇಳಿದ್ರ ಯಾರು ನಂಬ್ತಾರ್ರಿ? ತನ್ನ ತಪ್ಪು ಮುಚ್ಚಾಕ ಹಿರ್ಯಾರ ಹೆಸರು ತಗೀತಾನ ಅಂತಾರ. ನೀವ ಹೇಳಬೇಕ್ರಿ.”

ಆಮೇಲೆ ಚಹಾ ತರಿಸಿದ. ಅದೇ ತಡೆಯಲಾಗಲಿಲ್ಲ.

೪ ಫೆಬ್ರುವರಿ, ಮುಂಜಾನೆ ೧೧. ವೈನಿಯ ಮನೆ

ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಬೇರೆ ಮಾತೇ ಬಂತು. ಏರ್‌ಪೋರ್ಟಿನ ಬಾಗಿಲ ಕಥೆ ಹೇಳಿದೆ. ಶೈಲಾ ಹೆಗಲು ಹಿಡಿದುಕೊಂಡು ನಕ್ಕಳು, ನೋವಾದರೂ ನಕ್ಕಳು. ನಗಿಸುವುದು ನನಗೆ ಸುಲಭ.

ಹೊರಗೆ ಬಂದು ಈ ವಹಿ ತೆರೆದೆ. ಹತ್ತನೇ ತಾರೀಖಿನ ಹಾಳೆ. ಎಲ್ಲ ಬರೆದೇ ಇದೆ — ಎಣ್ಣೆ, ಬೊಟ್ಟು, ಧೋತರದ ತುದಿ. ಮೂವತ್ತು ಸೈಕಲ್ಲಿನ ಹಾಳೆ ಮಾತ್ರ ಹರಿದುಬಿಡಲೇ ಎನಿಸಿತು. ಇಪ್ಪತ್ತೊಂದನೇ ತಾರೀಖಿನದೂ... ಬೇಡ. ಓದುವುದಾದರೆ ಪೂರ್ತಿ ಓದಲಿ.

“ಕಾಕಾ, ಒಬ್ಬಾವನ ಕುಂತು ಏನ್ ಬರಿಯಾಕತ್ತಿ? ಮತ್ತ ಬಡಾಯಿ?”

ಬರುತ್ತಿದ್ದಾಳೆ. ಕೈಗೇ ಕೊಡುತ್ತೇನೆ. ಎಡಗೈಯಲ್ಲಿ ವಹಿ ಹಿಡಿದರೆ ಬಲಗೈ ಎತ್ತಲಾಗುವುದಿಲ್ಲ ಅವಳಿಗೆ. ಹಾಳೆ ನಾನೇ ತಿರುವಬೇಕು.