ಸೋದರ ಬಳಗದ ಟಿಕೆಟ್ ಊಟ

ರೀ,

ನಾನು ಅಕ್ಕನ ಮನೆಗೆ ಹೊರಟೆ. ಕಾಫಿ ಫ್ಲಾಸ್ಕಿನಲ್ಲಿದೆ.

ನಿಮ್ಮ ಸೋದರ ಬಳಗ ಸಂಘದ ಕಟ್ಟಡದ ಸೂರು ರಿಪೇರಿಗೆ ದುಡ್ಡು ಕೂಡಿಸಲು ಹಳೇ ಸಾಮಾನು ಹರಾಜು ಹಾಕಿ ಅಂದಿದ್ದಕ್ಕೆ, "ಇವಳಿಗೇನು ಗೊತ್ತು" ಅಂತ ಎಲ್ಲರ ಮುಂದೆ ನಕ್ಕಿರಿ. ಆಮೇಲೆ ನನ್ನನ್ನು ಒಂದು ಮಾತೂ ಕೇಳದೆ, ದುಡ್ಡಿಗಾಗಿ ಇವತ್ತು ಟಿಕೆಟ್ ಊಟ ಇಟ್ಟು, ನೂರು ಜನಕ್ಕೆ ನನ್ನ ಕೈಲಿ ಅಡುಗೆ ಮಾಡಿಸುತ್ತೇನೆಂದು ಒಪ್ಪಿಕೊಂಡು ಬಂದಿರಿ.

ಅದಕ್ಕೇ ನಿನ್ನೆ ಅಧ್ಯಕ್ಷರಿಗೆ ಫೋನ್ ಮಾಡಿ, "ಅಡುಗೆ ನಮ್ಮನೆಯವರೇ ಮಾಡ್ತಾರಂತೆ, ತುಂಬಾ ಆಸೆಪಟ್ಟಿದ್ದಾರೆ" ಅಂದೆ. ಅವರು ಖುಷಿಯಾಗಿ ಸಂಘದ ಬಾಗಿಲಿಗೆ ನಿಮ್ಮ ಫೋಟೋ ಅಂಟಿಸಿದ್ದಾರೆ.

ಈರುಳ್ಳಿ ಮೂಟೆ ಹಿತ್ತಲಲ್ಲಿದೆ. ಚಾಕು ಮೊಂಡಾಗಿದೆ ಅಂತ ವರ್ಷದಿಂದ ಹೇಳುತ್ತಿದ್ದೇನೆ. ಬೆರಳು ಜೋಪಾನ.

ನಾನು, ಅಕ್ಕ, ನಿಮ್ಮಮ್ಮ ಮೂವರೂ ಟಿಕೆಟ್ ತಗೊಂಡಿದ್ದೇವೆ. ಏಳು ಗಂಟೆಗೆ ಮೊದಲ ಸಾಲಿನಲ್ಲಿ ಕೂತಿರುತ್ತೇವೆ. ಬಿಸಿಬಿಸಿಯಾಗಿ ಬಡಿಸಿ. ಉಪ್ಪು ಕಡಿಮೆಯಾದರೆ ಅತ್ತೆಯೇ ಎದ್ದುನಿಂತು ಹೇಳುತ್ತಾರಂತೆ.