ಹಗೇವಿಗೆ ಇಳಿಸಿದ ಡಬ್ಬಿ

ಮಾರ್ಚ್ 9, ಮಧ್ಯಾಹ್ನ

ಇವತ್ತೂ ಕಿಟಕಿ ಮುಚ್ಚಿದೆ. ಸಂದಿಗೆಲ್ಲ ಹಳೆ ಸೀರೆ ತುರುಕಿದ್ದಾಳೆ ಅಮ್ಮ. ಹೆರಿಗೆಯಾಗಿ ಹದಿನೇಳು ದಿನ. ಸಾಂಬ್ರಾಣಿ ಹೊಗೆ, ಬೆವರು, ಮಗುವಿನ ಅಳು — ಎಲ್ಲ ಈ ಕಲ್ಲುಚಪ್ಪಡಿ ಕೋಣೆಯೊಳಗೇ. ತೆರೀಮ್ಮ ಅಂದೆ.

"ಬಾಣಂತಿಗೆ ಗಾಳಿ ತಗುಲಿದ್ರೆ ಏನಾಗುತ್ತೆ ಗೊತ್ತೇನೇ? ಸುಮ್ನೆ ಬಿದ್ಕೋ."

ಹೆತ್ತವಳಂತೆ. ಜೈಲರ್!

ಮಾರ್ಚ್ 11

ಗೋಡೆಯ ಮೊಳೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಜನವರಿಯಲ್ಲಿ ಕೋಲಾರದ ಕಾಲೇಜಿಂದ ಬಂದ ಶ್ರೀಧರ್ ನೇತುಹಾಕಿ ಹೋದದ್ದು. ರೇಡಾನ್ ಅಳೆಯುತ್ತದೆ. ನೆಲದಿಂದ, ಕಲ್ಲಿನಿಂದ ಏಳುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಅಮ್ಮನಿಗೆ ಹೇಳಿದೆ. "ನಿನ್ನನ್ನೂ ಇದೇ ಕೋಣೇಲಿ ಸಾಕಿದ್ದು. ಸತ್ತೋದ್ಯಾ?"

ಮಾರ್ಚ್ 12, ಬೆಳಗ್ಗೆ 11

ಅಮ್ಮ ಕೊಟ್ಟಿಗೆಗೆ ಹೋಗಿದ್ದಳು. ಮಂಚದ ಕೆಳಗೆ ಹಳೆ ಹಗೇವು — ತಾತ ರಾಗಿ ತುಂಬಿಡುತ್ತಿದ್ದ ಗುಂಡಿ. ಈಗ ಖಾಲಿ. ಮುಚ್ಚಿದ ಚಪ್ಪಡಿಯ ಮೂಲೆ ಒಡೆದಿದೆ. ಹೂ ಕಟ್ಟುವ ದಾರಕ್ಕೆ ಡಬ್ಬಿ ಕಟ್ಟಿ ಒಳಗೆ ಇಳಿಸಿದೆ. ದಾರದ ತುದಿ ಮಂಚದ ಕಾಲಿಗೆ.

ನನ್ನ ಮಾತು ಕೇಳಲ್ಲ ತಾನೆ? ನೆಲದಡಿಯ ದೊಡ್ಡ ನಂಬರ್ ಬರಲಿ. ಆಗ ನೋಡೋಣ.

ಮಾರ್ಚ್ 30

ಮಗುವಿನ ಮೈತುಂಬ ಬೆವರುಸಾಲೆ. ನಾನೇ ಎದ್ದು ಕಿಟಕಿ ತೆರೆದೆ. ಅಮ್ಮ ಬಂದು ಧಡಾರನೆ ಮುಚ್ಚಿದಳು. ಬೆರಳು ಸಿಕ್ಕಿಕೊಂಡಿತು. ಎಣ್ಣೆ ಹಚ್ಚಿದಳು, ಕಿಟಕಿ ಮಾತ್ರ ತೆರೆಯಲಿಲ್ಲ. ಇವಳ ಮುಖ ಕಂಡರೆ ಮೈ ಉರಿಯುತ್ತದೆ.

ಏಪ್ರಿಲ್ 14

ನಿನ್ನೆಯೇ ದಾರ ಕತ್ತರಿಸಿ ಡಬ್ಬಿ ಒರೆಸಿ ಮೊಳೆಗೆ ಹಾಕಿದ್ದೆ. ಅಮ್ಮ ಅದರ ಕಡೆ ತಿರುಗಿಯೂ ನೋಡಿದವಳಲ್ಲ. ಇವತ್ತು ಶ್ರೀಧರ್ ಬಂದು ಡಬ್ಬಿ ಬಿಚ್ಚಿಕೊಂಡ.

"ಕದಲಿಸಿಲ್ಲ ಅಲ್ವಾ ಮೇಡಂ?"

"ಇಲ್ಲೇ ಇತ್ತು."

ಮೇ 2

ಮಿತಿಗಿಂತ ಎಂಟು ಪಟ್ಟು! "ಊರಲ್ಲೇ ನಿಮ್ದು ಜಾಸ್ತಿ. ಕಿಟಕಿ ತೆಗೆದಿಡಿ, ನೆಲದ ಬಿರುಕಿಗೆಲ್ಲ ಸಿಮೆಂಟ್ ಹಾಕ್ಸಿ," ಅಂದ ಶ್ರೀಧರ್.

ಅಮ್ಮ ತಾನೇ ಸೀರೆ ಚೂರೆಲ್ಲ ಕಿತ್ತು ಕಿಟಕಿ ತೆರೆದಳು. ಟೇಕಲ್ ಬೆಟ್ಟದ ಕಡೆಯ ಗಾಳಿ. ಗೆದ್ದೆ.

ಮೇ 3, ಸಂಜೆ

ಅಮ್ಮ ನಿನ್ನೆಯಿಂದ ಊಟ ಬಿಟ್ಟು ಜಗಲಿಯ ಮೇಲೆ ಕೂತಿದ್ದಾಳೆ. ಏನಮ್ಮ ಈ ನಾಟಕ ಅಂದೆ.

"ನಿನ್ ಹಿಂದೆ ಒಂದು ಗಂಡು ಹುಟ್ಟಿತ್ತು ಕಣೇ. ಇಪ್ಪತ್ತೆರಡು ದಿನ ಇತ್ತು. ಉಸಿರು ಕಟ್ಕೊಂಡು ಹೋಯ್ತು. ಇದೇ ಕೋಣೆ. ಕಿಟಕಿ ಮುಚ್ಚಿದ್ದು ನಾನೇ."

ಅದು ಈ ಅನಿಲದಿಂದ ಅಲ್ಲಮ್ಮ, ಇದಕ್ಕೆ ವರ್ಷಗಟ್ಟಲೆ ಬೇಕು ಅಂದೆ.

"ಎಂಟು ಪಟ್ಟು ಅಂದ್ನಲ್ಲ."

ಮೇ 4

ಮಗುವಿಗೆ ನೀರೆರೆಯಲು ಅಮ್ಮ ಬರಲಿಲ್ಲ. "ನನ್ ಕೈಗೆ ಕೊಡ್ಬೇಡ ಕಣೇ," ಅಂದಳು. ಥೂ ನನ್ನ. ಕೋಣೆಯ ನಿಜವಾದ ನಂಬರ್ ಎಷ್ಟಿತ್ತೋ... ನನಗೂ ಗೊತ್ತಿಲ್ಲ. ಹೇಳಿಬಿಡಬೇಕು. ಹೇಳಿದರೆ ಮತ್ತೆ ಕಿಟಕಿ ಮುಚ್ಚುತ್ತಾಳೆ. ಮುಚ್ಚಲಿ. ಮಗು ಮಲಗಿದ ಮೇಲೆ ಹೇಳುತ್ತೇನೆ.

ಬರೆಯುತ್ತಿರುವಾಗಲೇ ಬಂದಳು, ಬಾಂಡಲಿಯಲ್ಲಿ ಕಲಸಿದ ಸಿಮೆಂಟ್ ಹಿಡಿದು. ಹಗೇವಿನ ಒಡಕು ಮುಚ್ಚಬೇಕಂತೆ. ಮಂಚದ ಕೆಳಗೆ ಬಗ್ಗಿದ್ದಾಳೆ.

"ಈ ಹೂವಿನ ದಾರ ಯಾಕೇ ಇಲ್ಲಿ—"