ಕಾಗದದ ಮೇಲಿನ ಬಾಡಿಗೆ

ಮಾರ್ಚ್ 4, ಬೆಳಿಗ್ಗೆ 6.50
ಮತ್ತೆ ಮೂರು ಬ್ಯಾಂಕಿನ ಬಡ್ಡಿದರ ಪಕ್ಕಪಕ್ಕ ಬರೆದುಕೊಂಡು ಕುಳಿತೆ. ಕಾಫಿ ಆರಿತು. ಬಾಡಿಗೆ ಕಟ್ಟಡ ಕೊಳ್ಳಲು ಮಾಡಿದ ಒಂದು ವರ್ಷದ ಸಾಲ ಈ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹದಿನೈದು ವರ್ಷದ ಸಾಲಕ್ಕೆ ಬದಲಿಸಿಕೊಳ್ಳಬೇಕು. ರೀಫೈನಾನ್ಸ್. ಆಗದಿದ್ದರೆ ಅಡವಿಟ್ಟ ಈ ಮನೆ ಕೈತಪ್ಪಿಹೋಗುತ್ತದೆ. ಅಡವಿಟ್ಟದ್ದು ಗಂಡನಿಗೆ ಗೊತ್ತು, ಗಡುವು ಗೊತ್ತಿಲ್ಲ. ಒಳಗೆ ಗೊರಕೆ ಹೊಡೆಯುತ್ತಿದ್ದಾರೆ. ಪುಣ್ಯವಂತರು.

ಮಾರ್ಚ್ 7
ಕಂತಿನ ಒಂದೂಕಾಲು ಪಟ್ಟು ಬಾಡಿಗೆ ಬರಲೇಬೇಕಂತೆ, ಬ್ಯಾಂಕಿನ ನಿಯಮ. ಕಟ್ಟಡದ ಮೂರು ಮನೆಯ ಬಾಡಿಗೆ ಸೇರಿಸಿದರೂ ಅಷ್ಟು ಬರುವುದಿಲ್ಲ. ಕೆಳಮಹಡಿಯ ಟೈಲರಮ್ಮ ಹಳೆಯ ಮಾಲೀಕರ ಕಾಲದ ಒಂಬತ್ತು ಸಾವಿರವನ್ನೇ ಕೊಡುತ್ತಿದ್ದಾರೆ. ಸಾಲ ಕೊಡಿಸುವ ಬ್ರೋಕರ್ ದಾರಿ ತೋರಿಸಿದ: "ಹದಿನಾಲ್ಕು ಅಂತ ಅಗ್ರಿಮೆಂಟ್ ಮಾಡ್ಸಿ. ತಗೊಳ್ಳೋದು ಒಂಬತ್ತೇ. ಎಲ್ರೂ ಮಾಡ್ತಾರೆ."
ಯಾರು ಈ ಎಲ್ಲರೂ? ಕೇಳಲಿಲ್ಲ.

ಮಾರ್ಚ್ 9, ಸಂಜೆ
ಟೈಲರಮ್ಮನ ಬಾಯಲ್ಲಿ ಗುಂಡುಸೂಜಿಗಳು. ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದರು. ಕೊನೆಗೆ ಸೂಜಿ ತೆಗೆದು ಕೇಳಿದ್ದು ಒಂದೇ.
"ನಂಗೇನೂ ತೊಂದ್ರೆ ಆಗಲ್ಲ ತಾನೇ?"
ಇಲ್ಲ ಎಂದೆ. ಓದದೆ ಸಹಿ ಹಾಕಿದರು. ಬ್ಯಾಂಕ್ ಕೊಟ್ಟ ನಮೂನೆ, ಆರು ಪುಟ... ನಾನೂ ಪೂರ್ತಿ ಓದಿರಲಿಲ್ಲ. ನನ್ನ ಕೋಟಿನ ಗುಂಡಿ ಜೋತಾಡುತ್ತಿದ್ದದ್ದು ಕಂಡು, ಬಿಚ್ಚಿಸಿಕೊಂಡು ಹೊಲಿದುಕೊಟ್ಟರು. ದುಡ್ಡು ಬೇಡವೆಂದರು. ನಾಚಿಕೆಯಾಯಿತು.

ಮಾರ್ಚ್ 15
ಕಟ್ಟಡಕ್ಕೆ ಬೆಲೆ ಕಟ್ಟುವ ಇಂಜಿನಿಯರ್ ಬಂದಿದ್ದ. ತೇವ ಹಿಡಿದ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅವನು ಸರಿದ ಕಡೆಗೆಲ್ಲ ನಾನೂ ಏಡಿಯ ಹಾಗೆ ಪಕ್ಕಕ್ಕೆ ಸರಿದೆ. ಹೋಗುವಾಗ ಹೇಳಿದ — "ತೇವ ಬರ್ಕೊಂಡಿದೀನಿ ಮೇಡಂ, ನೀವಿನ್ನು ಕೂತ್ಕೊಳ್ಳಿ."
ಮಧ್ಯಾಹ್ನ ನಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಒಬ್ಬರ ಫ್ರೇಮ್ ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ.

ಮಾರ್ಚ್ 27
ಆಯಿತು! ಹಳೆಯ ಸಾಲ ತೀರಿತು, ಹೊಸದು ಶುರು. ಮನೆ ಇನ್ನೂ ಅಡವಿನಲ್ಲೇ ಇದೆ, ಆದರೆ ಹದಿನೈದು ವರ್ಷ ಉಸಿರಾಡಬಹುದು. ಗಂಡನಿಗೆ ಗಡುವಿನ ಸಂಗತಿ ಹೇಳಿದೆ. ಊಟ ಬಿಟ್ಟು ಎದ್ದುಹೋದರು. ಅರ್ಧ ಗಂಟೆಯ ಮೇಲೆ ಬಂದು, ಮುಂದಿನ ಸಲ ಮೊದಲೇ ಹೇಳು ಎಂದರು. ಮುಂದಿನ ಸಲ!

ಮಾರ್ಚ್ 30
ಬ್ಯಾಂಕಿನಿಂದ ಪತ್ರ. ಬಾಡಿಗೆದಾರರಿಗೂ ಪ್ರತಿ ಹೋಗಿದೆ. ಏಪ್ರಿಲ್‌ನಿಂದ ಬಾಡಿಗೆ ನನ್ನ ಕೈಗಲ್ಲ, ನೇರ ಬ್ಯಾಂಕಿಗೆ. ಅಗ್ರಿಮೆಂಟಿನ ಐದನೇ ಪುಟ. ಟೈಲರಮ್ಮ ಹದಿನಾಲ್ಕೇ ಕಟ್ಟಬೇಕು. ಕಂತು ಕಳೆದು ಉಳಿದದ್ದನ್ನೂ ವರ್ಷವಿಡೀ ಹಿಡಿದಿಟ್ಟುಕೊಳ್ಳುತ್ತಾರೆ. ಬಾಡಿಗೆ ಸುಳ್ಳೆಂದು ತಿಳಿದರೆ ಪೂರ್ತಿ ಸಾಲ ಒಂದೇ ಏಟಿಗೆ ಕಟ್ಟಬೇಕು. ಅದೂ ಐದನೇ ಪುಟ.
ಬ್ರೋಕರ್ ಫೋನ್ ಎತ್ತುತ್ತಿಲ್ಲ. ತಿಂಗಳಿಗೆ ಐದು ಸಾವಿರ ನಾನೇ ತುಂಬಿಕೊಡಬೇಕು... ಎಲ್ಲಿಂದ? ಸ್ಕೂಟರ್ ಮಾರಿದರೆ ಆರು ತಿಂಗಳು. ಆಮೇಲೆ?

ಏಪ್ರಿಲ್ 3, ಬೆಳಿಗ್ಗೆ 9.20
ಈಗಷ್ಟೇ ಕಟ್ಟಡದಿಂದ ಬಂದೆ. ತಪ್ಪೊಪ್ಪಿಕೊಳ್ಳಲು ಹೋಗಿದ್ದೆ. ಟೈಲರಮ್ಮನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರವಿದ್ದ ಜಾಗದಲ್ಲಿ ಒಂದೇ ಇತ್ತು. ಬ್ಯಾಂಕಿನ ರಸೀದಿ ತೋರಿಸಿದರು. ಹದಿನಾಲ್ಕು ಸಾವಿರ, ನಿನ್ನೆಯ ತಾರೀಖು. ಬೈಯಲೇ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.
"ಮುಂದಿನ ತಿಂಗ್ಳೂ ಇಷ್ಟೇನಾ? ಈಗ್ಲೇ ಹೇಳ್ಬಿಡಿ. ಇನ್ನೊಂದು ಮೆಷಿನ್‌ಗೂ ಗಿರಾಕಿ ಹುಡುಕ್ಬೇಕು."
ಬೇಡ, ಇವತ್ತೇ ಬ್ಯಾಂಕಿಗೆ ಹೋಗಿ ನಿಜ ಹೇಳುತ್ತೇನೆ ಎಂದೆ. ಹತ್ತಕ್ಕೆ ತೆರೆಯುತ್ತದೆ. ಫೈಲು ತೆಗೆದುಕೊಳ್ಳಲು ಮನೆಗೆ ಬಂದದ್ದು, ಅಷ್ಟೇ.

10.40
ಫೈಲು ತೊಡೆಯ ಮೇಲಿದೆ, ಐದನೇ ಪುಟ ತೆರೆದಿದೆ. ಚಪ್ಪಲಿಯನ್ನೂ ಬಿಚ್ಚಿಲ್ಲ. ಎರಡು ಬಸ್ಸು ಹೋದವು. ಮಗಳು ಶಾಲೆಯಿಂದ ಬರುವುದರೊಳಗೆ ಹೋಗಿ ಬರಬಹುದು. ಮುಂದಿನ ಬಸ್ಸು 10.55ಕ್ಕೆ. ಅದಕ್ಕೆ ಖಂಡಿತ

11.30
ಇನ್ನೂ ಇಲ್ಲೇ